ತೊಲೆಯಿಂದ ಹಳಿಗೆ: ಕ್ವಿಲ್ಟ್ ಚೌಕಟ್ಟಿನ ಸಾಗಾಟದ ಚರಿತ್ರೆ

ಬ್ರಿಟನ್ ಮತ್ತು ಅಮೆರಿಕದ ಮನೆಗಳಲ್ಲಿ ಕ್ವಿಲ್ಟ್ ಎಂದು ಬಳಕೆಯಲ್ಲಿರುವ ಹೊದಿಕೆಗೆ ಮೂರು ಪದರಗಳಿರುತ್ತವೆ. ತುಂಡುಬಟ್ಟೆಗಳನ್ನು ಜೋಡಿಸಿದ ಅಥವಾ ಇಡಿಯಾದ ಒಂದೇ ಅರಿವೆಯ ಮೇಲ್ಬಟ್ಟೆ, ತಳದಲ್ಲಿ ಅಡಿಬಟ್ಟೆ, ಇವೆರಡರ ನಡುವೆ ಹತ್ತಿಯ ಇಲ್ಲವೆ ಉಣ್ಣೆಯ ತೆಳುವಾದ ಒಳಹಾಸು. ಈ ಮೂರನ್ನೂ ಒಂದೇ ಮೈಯಾಗಿಸುವ ಹೊಲಿಗೆಯನ್ನು ಕ್ವಿಲ್ಟಿಂಗ್ ಎನ್ನುತ್ತಾರೆ. ಮಂಚದಗಲದ ಮೂರು ಪದರಗಳು ಹೊಲಿಯುವಾಗ ಒಂದರ ಮೇಲೊಂದು ಜಾರುತ್ತವೆ, ಒಳಹಾಸು ಒಂದೆಡೆ ಗುಡ್ಡೆಯಾಗುತ್ತದೆ, ಅಡಿಬಟ್ಟೆಯಲ್ಲಿ ಯಾರಿಗೂ ಕಾಣದಂತೆ ಮಡಿಕೆ ಬಿದ್ದು ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ತಡೆಯಲು ಬಟ್ಟೆಯನ್ನು ಎಲ್ಲ ಕಡೆಯಿಂದಲೂ ಬಿಗಿದು ಹಿಡಿಯುವ ಚೌಕಟ್ಟು ಬೇಕಾಯಿತು. ಕ್ವಿಲ್ಟ್‌ಗಳ ಚರಿತ್ರೆಯನ್ನು ಬರೆದವರು ವಿನ್ಯಾಸ, ಬಣ್ಣ ಮತ್ತು ಹೊಲಿದವರ ಬದುಕಿಗೆ ಕೊಟ್ಟಷ್ಟು ಗಮನವನ್ನು ಈ ಚೌಕಟ್ಟಿಗೆ ಕೊಟ್ಟಿಲ್ಲ. ಆದರೆ ಅದನ್ನು ಎತ್ತಿ ಒಯ್ಯಲು ಆಗುತ್ತದೆಯೇ, ಮನೆಯಲ್ಲಿ ಎಷ್ಟು ಜಾಗವನ್ನು ಎಷ್ಟು ದಿನ ಹಿಡಿದಿಡುತ್ತದೆ ಎಂಬ ಸಂಗತಿಗಳೇ ಈ ಕಸುಬನ್ನು ಯಾರು, ಎಲ್ಲಿ, ಯಾವ ಲೆಕ್ಕದ ಕೂಲಿಗೆ ಮಾಡಬಹುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿವೆ. ಇಂದು ಲಾಂಗ್‌ಆರ್ಮ್ ಎಂದು ಕರೆಯಲಾಗುವ, ಹನ್ನೆರಡು ಅಡಿ ಉದ್ದದ ಹಳಿಗಳ ಮೇಲೆ ಓಡಾಡುವ ಕ್ವಿಲ್ಟಿಂಗ್ ಯಂತ್ರವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಸಾಗಿಸುವುದು ಪರಿಣತರ ಕೆಲಸವಾಗಿರುವುದರ ಹಿಂದೆಯೂ ಇದೇ ಚರಿತ್ರೆ ಇದೆ.

ವೇಲ್ಸ್ ಹಾಗೂ ಉತ್ತರ ಇಂಗ್ಲೆಂಡಿನ ಹಳೆಯ ಚೌಕಟ್ಟು ಬಡಗಿಯೊಬ್ಬನು ಸುಲಭವಾಗಿ ಮಾಡಿಕೊಡಬಹುದಾದ ಸರಳ ಸಾಧನವಾಗಿತ್ತು. ಉದ್ದನೆಯ ಎರಡು ಮರದ ದಂಡಗಳು, ಅವುಗಳ ತುದಿಯ ಕಂಡಿಗಳಲ್ಲಿ ತೂರಿಬರುವ ಎರಡು ಚಪ್ಪಟೆ ಅಡ್ಡಪಟ್ಟಿಗಳು, ಅಡ್ಡಪಟ್ಟಿಗಳಲ್ಲಿ ಸಾಲಾಗಿ ಕೊರೆದ ರಂಧ್ರಗಳು, ಆ ರಂಧ್ರಗಳಿಗೆ ಸಿಕ್ಕಿಸುವ ಗೂಟಗಳು, ಇಷ್ಟೇ ಅದರ ಅಂಗಾಂಗ. ಉದ್ದ ದಂಡಗಳಿಗೆ ಮೊದಲೇ ಗಟ್ಟಿ ಬಟ್ಟೆಯ ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿರುತ್ತಿದ್ದರು. ಕ್ವಿಲ್ಟಿನ ಅಡಿಬಟ್ಟೆಯ ಎರಡು ಅಂಚುಗಳನ್ನು ಆ ಪಟ್ಟಿಗೆ ಹೊಲಿದು, ಹೆಚ್ಚಿನ ಭಾಗವನ್ನು ದಂಡಕ್ಕೆ ಸುತ್ತಿ, ಕೈಗೆ ಎಟಕುವಷ್ಟು ಅಗಲವನ್ನು ಮಾತ್ರ ಬಿಗಿಯಾಗಿ ತೆರೆದಿಡುತ್ತಿದ್ದರು. ಒಂದು ಭಾಗದ ಹೊಲಿಗೆ ಮುಗಿದ ಮೇಲೆ ಅದನ್ನು ಒಂದು ದಂಡಕ್ಕೆ ಸುತ್ತಿ, ಇನ್ನೊಂದು ದಂಡದಿಂದ ಹೊಸ ಭಾಗವನ್ನು ಬಿಡಿಸಿಕೊಳ್ಳುವುದು ಕ್ರಮ. ಚೌಕಟ್ಟಿನ ಎರಡು ತುದಿಗಳನ್ನು ಮೇಜಿನ ಅಂಚಿನ ಮೇಲೋ ಕುರ್ಚಿಗಳ ಬೆನ್ನಿನ ಮೇಲೋ ಇಟ್ಟರೆ ಕೆಲಸ ಆರಂಭವಾಗುತ್ತಿತ್ತು. ಊಟದ ಹೊತ್ತಿಗೆ ಕ್ವಿಲ್ಟನ್ನು ಬಿಚ್ಚುವ ಅಗತ್ಯವಿಲ್ಲದೆ ಚೌಕಟ್ಟನ್ನೇ ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಬಹುದಾಗಿತ್ತು. ಗೂಟಗಳನ್ನು ಕಿತ್ತರೆ ಎಲ್ಲವೂ ನಾಲ್ಕು ಮರದ ತುಂಡುಗಳ ಒಂದು ಕಟ್ಟಾಗಿ ಹೆಗಲಿಗೇರುತ್ತಿತ್ತು.

ಈ ಹಗುರ ರಚನೆಯೇ ವೇಲ್ಸ್‌ನಲ್ಲಿ ಸಂಚಾರಿ ಕ್ವಿಲ್ಟ್‌ಗಾರ್ತಿಯರ ಒಂದು ಕಸುಬಿಗೆ ಆಧಾರವಾಯಿತು. 19ನೇ ಶತಮಾನದುದ್ದಕ್ಕೂ, 20ನೇ ಶತಮಾನದ ಮೊದಲ ದಶಕಗಳಲ್ಲೂ ಇಂಥ ಹೆಂಗಸರು ಒಂದು ಒಕ್ಕಲು ಮನೆಯಿಂದ ಇನ್ನೊಂದಕ್ಕೆ ಹೋಗಿ, ಆ ಮನೆಯವರು ಕೂಡಿಟ್ಟ ಬಟ್ಟೆ ಮತ್ತು ಉಣ್ಣೆಯಿಂದ ವರ್ಷಕ್ಕೆ ಬೇಕಾದ ಹೊದಿಕೆಗಳನ್ನು ಹೊಲಿದುಕೊಟ್ಟು, ಊಟ ವಸತಿಯ ಜೊತೆಗೆ ಒಂದಿಷ್ಟು ಕೂಲಿ ಪಡೆಯುತ್ತಿದ್ದರು. ಕೆಲವು ಮನೆಗಳಲ್ಲಿ ಸ್ವಂತ ಚೌಕಟ್ಟು ಇರುತ್ತಿತ್ತು, ಇಲ್ಲದ ಕಡೆಗೆ ಕುಶಲಿಗಳು ತಮ್ಮದನ್ನೇ ಹೊತ್ತೊಯ್ಯುತ್ತಿದ್ದರು. 1928ರಲ್ಲಿ ಬ್ರಿಟನ್ನಿನ ಗ್ರಾಮೀಣ ಕೈಗಾರಿಕಾ ಮಂಡಳಿಯು ಈ ಕಸುಬಿಗೆ ಮರುಜೀವ ಕೊಡುವ ಯೋಜನೆ ಹಾಕಿಕೊಂಡಿತು. ಅದರ ಪರವಾಗಿ ಊರೂರು ತಿರುಗಿದ ಮೇವಿಸ್ ಫಿಟ್ಜ್‌ರ‍್ಯಾಂಡಾಲ್ಫ್ ಹಳೆಯ ಹೊಲಿಗೆಗಾರ್ತಿಯರ ಮಾತುಗಳನ್ನು ಸಂಗ್ರಹಿಸಿ 1954ರಲ್ಲಿ ಪ್ರಕಟಿಸಿದ ಗ್ರಂಥವೇ ಈ ಸಂಚಾರಿ ಬದುಕಿನ ಬಗೆಗೆ ಇಂದು ತಿಳಿದಿರುವ ಬಹುಪಾಲು ಸಂಗತಿಗಳ ಮೂಲ.

ಉತ್ತರ ಇಂಗ್ಲೆಂಡಿನ ಡರಂ ಮತ್ತು ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಊರುಗಳಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೊಂದು ಬೆಳೆಯಿತು. ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಅಥವಾ ಗಾಯಗೊಂಡ ಗಂಡನನ್ನು ಸಾಕಬೇಕಾದ ಹೆಂಗಸು ‘ಕ್ವಿಲ್ಟ್ ಕ್ಲಬ್’ ನಡೆಸುತ್ತಿದ್ದಳು. ನೆರೆಹೊರೆಯವರು ಕ್ಲಬ್ಬಿಗೆ ವಾರವಾರ ಸಣ್ಣ ಕಂತು ಕಟ್ಟುತ್ತಿದ್ದರು, ಸರದಿಯಂತೆ ಒಬ್ಬೊಬ್ಬರಿಗೂ ಒಂದೊಂದು ಕ್ವಿಲ್ಟ್ ಸಿಗುತ್ತಿತ್ತು. ಕರ್ನಾಟಕದ ಚೀಟಿ ವ್ಯವಹಾರವನ್ನು ಬಲ್ಲವರಿಗೆ ಇದರ ಲೆಕ್ಕಾಚಾರವನ್ನು ಹೆಚ್ಚು ವಿವರಿಸಬೇಕಿಲ್ಲ. ಗಮನಿಸಬೇಕಾದುದು ಇಲ್ಲಿ ಚೌಕಟ್ಟು ಸಂಚಾರವನ್ನು ನಿಲ್ಲಿಸಿತು ಎಂಬ ಅಂಶವನ್ನು. ಕಂತಿನ ಗಡುವಿಗೆ ಸರಿಯಾಗಿ ಒಂದರ ಹಿಂದೊಂದು ಕ್ವಿಲ್ಟ್ ಮುಗಿಯಬೇಕಾದುದರಿಂದ ಅದು ಗಣಿಕಾರ್ಮಿಕನ ಇಕ್ಕಟ್ಟಾದ ಮನೆಯ ಮುಂದಿನ ಕೋಣೆಯಲ್ಲಿ ವರ್ಷವಿಡೀ ಕೂತಿರುತ್ತಿತ್ತು, ಮನೆಯ ಉಳಿದೆಲ್ಲ ಬಾಳುವೆ ಅದರ ಸುತ್ತ ಸರಿದುಕೊಂಡು ನಡೆಯಬೇಕಾಗಿತ್ತು. ದುಡಿಮೆಯ ವೇಗ ಹೆಚ್ಚಾದಷ್ಟೂ ಸಾಧನವು ನೆಲೆಯೂರುತ್ತದೆ ಎಂಬ ಈ ಪ್ರವೃತ್ತಿ ಮುಂದೆ ಯಂತ್ರದ ಕಾಲದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು.

ಅಮೆರಿಕದಲ್ಲಿ ಚೌಕಟ್ಟಿನ ರೂಪ ಬೇರೆಯಾಯಿತು. ಅಲ್ಲಿ ಪ್ರಚಲಿತವಾದ ದೊಡ್ಡ ಚೌಕಟ್ಟಿನಲ್ಲಿ ಸರಿಸುಮಾರು ಒಂದೇ ಉದ್ದದ ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಒಂದರ ಮೇಲೊಂದು ಇಟ್ಟು ತಿರುಪಿನ ಹಿಡಿಕೆಗಳಿಂದ ಬಿಗಿದು, ಇಡೀ ಕ್ವಿಲ್ಟನ್ನು ಪೂರ್ತಿ ಹರಡಿ, ನಾಲ್ಕೂ ಬದಿಯಲ್ಲಿ ಹೆಂಗಸರು ಕೂತು ಒಟ್ಟಿಗೆ ಹೊಲಿಯುತ್ತಿದ್ದರು. ಅಂಚಿನ ಭಾಗ ಮುಗಿದಂತೆ ಪಟ್ಟಿಗಳನ್ನು ಒಳಗೆ ಸುತ್ತಿಕೊಳ್ಳುತ್ತಾ ನಡುವಿಗೆ ಬರುತ್ತಿದ್ದರು. ‘ಕ್ವಿಲ್ಟಿಂಗ್ ಬೀ’ ಎಂದು ಹೆಸರಾದ ಸಾಮೂಹಿಕ ಹೊಲಿಗೆಯ ಕೂಟಗಳಿಗೆ ಈ ಬಗೆಯ ಚೌಕಟ್ಟೇ ನೆಲೆಯಾಗಿತ್ತು, ಆಮಿಶ್ ಸಮುದಾಯದವರಲ್ಲಿ ಅದು ಇಂದಿಗೂ ಉಳಿದಿದೆ. ಆದರೆ ಒಂದೇ ಕೋಣೆಯ ಮರದಿಮ್ಮಿಯ ಮನೆಯಲ್ಲಿ ಎಂಟು ಹತ್ತು ಅಡಿ ಚೌಕದ ವಸ್ತುವನ್ನು ವಾರಗಟ್ಟಲೆ ಇಡುವುದಾದರೂ ಎಲ್ಲಿ? ದಕ್ಷಿಣದ ರಾಜ್ಯಗಳಲ್ಲೂ ಅಪಲಾಚಿಯನ್ ಬೆಟ್ಟಸೀಮೆಯಲ್ಲೂ ಜನ ಕಂಡುಕೊಂಡ ಉತ್ತರವೆಂದರೆ ಚೌಕಟ್ಟಿನ ನಾಲ್ಕು ಮೂಲೆಗಳಿಗೆ ಹಗ್ಗ ಕಟ್ಟಿ ಅದನ್ನು ಮಾಡಿನ ತೊಲೆಗಳಿಂದ ತೂಗುಬಿಡುವುದು. ಹಗಲು ಕೆಲಸದ ವೇಳೆಗೆ ಅದನ್ನು ಸೊಂಟದೆತ್ತರಕ್ಕೆ ಇಳಿಸಿ, ಸಂಜೆ ಅಡುಗೆ ಊಟದ ಹೊತ್ತಿಗೆ ಹಗ್ಗ ಸುತ್ತಿ ತಲೆಯ ಮೇಲಕ್ಕೆ ಏರಿಸಿಬಿಡುತ್ತಿದ್ದರು. ಅಗಲವಾದ ಬಟ್ಟೆಯನ್ನು ಬಿಗಿ ಕೆಡದಂತೆ ಸಮತಲದಲ್ಲಿಯೇ ದಿನಕ್ಕೆರಡು ಬಾರಿ ಸಾಗಿಸುವ ಈ ಯುಕ್ತಿ ಗುಣದಲ್ಲಿ ಇಂದಿನ ಅನೇಕ ದುಬಾರಿ ಸಾಧನಗಳಿಗಿಂತ ಕಡಿಮೆಯದೇನಲ್ಲ.

ಅಮೆರಿಕದಲ್ಲಿ ಮೇಲ್ಬಟ್ಟೆ ಜೋಡಿಸುವವರು ಮತ್ತು ಅದನ್ನು ಕ್ವಿಲ್ಟ್ ಮಾಡಿಕೊಡುವವರು ಬೇರೆಬೇರೆಯಾಗುವ ರೂಢಿ ಬಹಳ ಹಿಂದಿನಿಂದಲೂ ಇತ್ತು. ಹಣ ಪಡೆದು ಕ್ವಿಲ್ಟ್ ಮಾಡುವವರು ಬಳಸಿದ ನೂಲಿನ ಪ್ರಮಾಣದ ಮೇಲೆ ಕೂಲಿ ಹೇಳುತ್ತಿದ್ದುದುಂಟು. ಹೊಲಿಗೆ ಒತ್ತಾದಷ್ಟೂ ನೂಲು ಹೆಚ್ಚು ಖರ್ಚಾಗುವುದರಿಂದ ಇದು ನ್ಯಾಯವಾದ ಅಳತೆಯೇ ಆಗಿತ್ತು. ಆದರೂ ಕ್ವಿಲ್ಟಿನ ಕೀರ್ತಿ ಮೇಲ್ಬಟ್ಟೆಯ ಒಡತಿಗೇ ಸಲ್ಲುತ್ತಿತ್ತು. 1933ರಲ್ಲಿ ಷಿಕಾಗೊ ಜಾಗತಿಕ ಮೇಳದ ಸಂದರ್ಭದಲ್ಲಿ ಸಿಯರ್ಸ್ ಕಂಪನಿ ಏರ್ಪಡಿಸಿದ್ದ ರಾಷ್ಟ್ರೀಯ ಸ್ಪರ್ಧೆಗೆ ಸುಮಾರು 24,000 ಕ್ವಿಲ್ಟ್‌ಗಳು ಬಂದವು. ಮೊದಲ ಬಹುಮಾನ ಪಡೆದ ಕೆಂಟಕಿಯ ಕ್ವಿಲ್ಟ್ ಅದನ್ನು ಕಳಿಸಿದಾಕೆಯ ಕೈಯ ಕೆಲಸವಾಗಿರಲಿಲ್ಲ, ಕೂಲಿಗೆ ಹೊಲಿದ ಹೆಂಗಸರಿಗೆ ಬಹುಮಾನದ ಪಾಲೂ ಸಿಗಲಿಲ್ಲ ಎಂಬ ಸಂಗತಿ ಬಹಳ ಕಾಲದ ಮೇಲೆ ಬೆಳಕಿಗೆ ಬಂತು. ಲಾಂಗ್‌ಆರ್ಮ್ ಯಂತ್ರಕ್ಕೆ ಮುಂದೆ ಮಾರುಕಟ್ಟೆ ಒದಗಿಸಿದ್ದು ಮೇಲ್ಬಟ್ಟೆ ಒಬ್ಬರದು, ಹೊಲಿಗೆ ಇನ್ನೊಬ್ಬರದು ಎಂಬ ಇದೇ ವಿಭಜನೆ.

ಕರ್ನಾಟಕದ ಓದುಗರಿಗೆ ಈ ಹಂತದಲ್ಲಿ ಕೌದಿಯ ನೆನಪಾಗುವುದು ಸಹಜ, ಮತ್ತು ಆ ಹೋಲಿಕೆಯಿಂದ ಚೌಕಟ್ಟಿನ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ, ಮನೆಯಂಗಳದಲ್ಲಿ ಹಳೆಯ ಸೀರೆ ಧೋತರಗಳನ್ನು ಹಾಸಿಕೊಂಡು ಕೌದಿ ಹೊಲಿದುಕೊಡುವ ಹೆಂಗಸರು ವೇಲ್ಸ್‌ನ ಸಂಚಾರಿ ಕುಶಲಿಗಳಿಗೆ ಕಸುಬಿನಲ್ಲಿ ಬಹಳ ಹತ್ತಿರದವರು, ಆದರೆ ಅವರಿಗೆ ಹೊರಬೇಕಾದ ಚೌಕಟ್ಟೇ ಇಲ್ಲ. ನಡುವೆ ಹತ್ತಿಯ ಸಡಿಲ ಹಾಸಿಲ್ಲದೆ ಬಟ್ಟೆಯ ಮೇಲೆ ಬಟ್ಟೆಯನ್ನೇ ಪದರವಾಗಿಸುವುದರಿಂದ ಜಾರುವಿಕೆ ಕಡಿಮೆ, ಉಳಿದುದನ್ನು ನೆಲ, ಮೊಣಕಾಲು ಮತ್ತು ಅಂಗೈ ಸಂಭಾಳಿಸುತ್ತವೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿಯಲ್ಲಿ ಈ ತಂತ್ರ ಇನ್ನೊಂದು ಮೆಟ್ಟಿಲು ಮುಂದೆ ಹೋಗಿದೆ. ಅವರು ಹೊರಅಂಚಿನಲ್ಲಿ ಹೊಲಿಗೆ ಆರಂಭಿಸಿ, ತುಂಡುಬಟ್ಟೆಗಳನ್ನು ಅಂಚು ಮಡಿಸಿ ಸೇರಿಸಿಕೊಳ್ಳುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ‘ಫೂಲ’ ಎಂದು ಕರೆಯುವ ಮಡಿಸಿದ ಸಣ್ಣ ಬಟ್ಟೆಯನ್ನು ಕೂರಿಸದೆ ಹೊದಿಕೆ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಮೊದಲೇ ಹೊಲಿದು ಭದ್ರವಾದ ಅಂಚು ಇಲ್ಲಿ ಒಳಭಾಗಕ್ಕೆ ತಾನೇ ಚೌಕಟ್ಟಾಗುತ್ತದೆ ಎಂದು ಹೇಳಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಅಧ್ಯಯನ ಮಾಡಿದ ಬಳಿಕ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಚೌಕಟ್ಟಿಲ್ಲದ ಈ ಸಂಪ್ರದಾಯಕ್ಕೆ ಸಾಗಾಟದ ಸಮಸ್ಯೆ ಎಂದೂ ಎದುರಾಗಲಿಲ್ಲ.

ಹೊಲಿಗೆಯಂತ್ರ ಬಂದಾಗ ಚಲನೆಯ ಲೆಕ್ಕವೇ ತಿರುಗುಮುರುಗಾಯಿತು. 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಪಡೆದ ಪೇಟೆಂಟುಗಳ ಹಿಂದೆಯೇ ಯಂತ್ರವು ಅಮೆರಿಕದ ಮನೆಗಳನ್ನು ಹೊಕ್ಕಿತು, ಕ್ವಿಲ್ಟ್‌ಗಳ ಮೇಲೂ ಯಂತ್ರದ ಹೊಲಿಗೆ ಬೇಗನೆ ಕಾಣಿಸಿಕೊಂಡಿತು. ಕೈಹೊಲಿಗೆಯಲ್ಲಿ ಬಟ್ಟೆ ಸ್ಥಿರವಾಗಿದ್ದು ಸೂಜಿ ಸಂಚರಿಸುತ್ತಿದ್ದರೆ, ಯಂತ್ರದಲ್ಲಿ ಸೂಜಿ ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತದೆ, ಬಟ್ಟೆ ಅದರ ಕೆಳಗೆ ಸರಿಯಬೇಕು. ಸೂಜಿಗೂ ಯಂತ್ರದ ಬಲಬದಿಯ ಕಂಬಕ್ಕೂ ನಡುವಿನ ತೆರವನ್ನು ಯಂತ್ರದ ಗಂಟಲು ಎನ್ನುತ್ತಾರೆ. ಮನೆಬಳಕೆಯ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಎಂಟು ಇಂಚಿನ ಆಸುಪಾಸು. ಮಂಚದಗಲದ ಹೊದಿಕೆಯ ಅರ್ಧವನ್ನು ಸುರುಳಿ ಸುತ್ತಿ ಆ ಗಂಟಲಿನೊಳಗೆ ತುರುಕಿ ತಿರುಗಿಸುವುದು ಇಕ್ಕಟ್ಟಿನ ಮಹಡಿ ಮೆಟ್ಟಿಲಲ್ಲಿ ಹತ್ತಿಯ ಹಾಸಿಗೆಯನ್ನು ಏರಿಸಿದಷ್ಟೇ ತ್ರಾಸದ ಕೆಲಸ. ಆದುದರಿಂದ ಯಂತ್ರದಿಂದ ಸಾಧ್ಯವಾದುದು ಹೆಚ್ಚಾಗಿ ನೇರಗೆರೆಗಳ ಹೊಲಿಗೆ, ಬಳ್ಳಿ ಗರಿ ಸುರುಳಿಗಳೆಲ್ಲ ಚೌಕಟ್ಟಿನ ಮುಂದೆ ಕೂತ ಕೈಗಳಿಗೇ ಉಳಿದವು.

ಇದಕ್ಕೆ ಪರಿಹಾರ ಹಳೆಯ ಚೌಕಟ್ಟಿನ ತರ್ಕಕ್ಕೆ ಮರಳುವುದರಲ್ಲಿತ್ತು. ಬಟ್ಟೆಯನ್ನು ದಂಡಗಳ ನಡುವೆ ಬಿಗಿದು ನಿಲ್ಲಿಸಿ, ಯಂತ್ರದ ತೋಳನ್ನು ಉದ್ದವಾಗಿಸಿ, ಅದಕ್ಕೆ ಗಾಲಿ ಕೊಟ್ಟು ಯಂತ್ರವನ್ನೇ ಬಟ್ಟೆಯ ಮೇಲೆ ಓಡಾಡಿಸುವ ಆಲೋಚನೆ 19ನೇ ಶತಮಾನದಲ್ಲಿಯೇ ಹುಟ್ಟಿತ್ತು, ಹಾಸಿಗೆ ಮತ್ತು ಹೊದಿಕೆಗಳ ಕಾರ್ಖಾನೆಗಳಲ್ಲಿ ಬಳಕೆಗೂ ಬಂದಿತ್ತು. ಅದು ಮನೆಯನ್ನು ಪ್ರವೇಶಿಸಲು ಇನ್ನೊಂದು ಶತಮಾನ ಕಾಯಬೇಕಾಯಿತು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವಾನ್ ಡರ್ ಹೂಫ್ ಅವರ ಸಂಗ್ರಹದ ಕ್ವಿಲ್ಟ್‌ಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು, 1976ರಲ್ಲಿ ದೇಶದ ಇನ್ನೂರನೆಯ ವರ್ಷಾಚರಣೆ ಬಂತು. ಈ ಎರಡರ ಪ್ರಭಾವದಿಂದ ಲಕ್ಷಾಂತರ ಜನ ತುಂಡುಬಟ್ಟೆ ಜೋಡಿಸಲು ತೊಡಗಿದರು, ಆದರೆ ಜೋಡಿಸಿದ ಮೇಲ್ಬಟ್ಟೆಗಳನ್ನು ಕೈಯಿಂದ ಕ್ವಿಲ್ಟ್ ಮಾಡಿ ಮುಗಿಸುವಷ್ಟು ವ್ಯವಧಾನ ಬಹುಪಾಲು ಜನರಿಗೆ ಇರಲಿಲ್ಲ. ಕಪಾಟುಗಳಲ್ಲಿ ಹೀಗೆ ಕೂಡಿಬಿದ್ದ ಮೇಲ್ಬಟ್ಟೆಗಳೇ 1980ರ ದಶಕದಲ್ಲಿ ಹೊಸ ಉದ್ಯಮವೊಂದರ ಕಚ್ಚಾ ಸರಕಾದವು. ಮಿಸೌರಿ ರಾಜ್ಯದ ವೆಸ್ಟ್ ಪ್ಲೇನ್ಸ್ ಊರಿನಲ್ಲಿ ಗ್ಯಾಮಿಲ್, ಐಯೊವಾದ ಕ್ಯಾರೊಲ್ ಊರಿನಲ್ಲಿ ಎಪಿಕ್ಯೂಎಸ್ ಎಂಬ ಕಂಪನಿಗಳು ಮನೆಯ ಕೋಣೆಯಲ್ಲಿ ಕೂರಬಲ್ಲ ಲಾಂಗ್‌ಆರ್ಮ್ ಯಂತ್ರಗಳನ್ನು ತಯಾರಿಸತೊಡಗಿದವು. ಈ ಉದ್ಯಮ ದೊಡ್ಡ ನಗರಗಳಲ್ಲಿ ಹುಟ್ಟದೆ ಒಕ್ಕಲುತನದ ಸೀಮೆಯ ಸಣ್ಣ ಊರುಗಳಲ್ಲಿ ಬೆಳೆಯಿತೆಂಬುದನ್ನು ಗುರುತಿಸಬೇಕು. ದೊಡ್ಡ ಮನೆ, ನೆಲಮಾಳಿಗೆ, ಕಾರಿನ ಕೊಠಡಿ ಇರುವ ಕಡೆಯೇ ಹನ್ನೆರಡು ಅಡಿ ಉದ್ದದ ಚೌಕಟ್ಟಿಗೂ ಸ್ಥಳ ಸಿಗುತ್ತದೆ.

ಯಂತ್ರದ ಹೊಲಿಗೆಗೆ ಮರ್ಯಾದೆ ಸುಲಭವಾಗಿ ಸಿಗಲಿಲ್ಲ. 1989ರಲ್ಲಿ ಕೆಂಟಕಿಯ ಪಡೂಕಾ ನಗರದ ಪ್ರತಿಷ್ಠಿತ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ವಸ್ತುವುಳ್ಳ ಕೃತಿ ಅತ್ಯುತ್ತಮ ಪ್ರಶಸ್ತಿ ಪಡೆದಾಗ, ಯಂತ್ರದಲ್ಲಿ ಕ್ವಿಲ್ಟ್ ಮಾಡಿದ ಕೃತಿಯೊಂದಕ್ಕೆ ಅಲ್ಲಿ ಆ ಗೌರವ ದೊರೆತದ್ದು ಅದೇ ಮೊದಲು. ಅನಂತರದ ದಶಕದಲ್ಲಿ ಆಕ್ಷೇಪಗಳು ತಣ್ಣಗಾದವು, ಲಾಂಗ್‌ಆರ್ಮ್ ಹೊಂದಿದವರು ಇತರರ ಮೇಲ್ಬಟ್ಟೆಗಳನ್ನು ಚದರ ಇಂಚಿನ ಲೆಕ್ಕದಲ್ಲಿ ಹೊಲಿದುಕೊಡುವ ಮನೆ ಉದ್ಯೋಗ ಊರೂರಲ್ಲೂ ಬೇರುಬಿಟ್ಟಿತು.

ಈ ಯಂತ್ರವನ್ನು ಸಾಗಿಸುವುದು ಏಕೆ ಕಷ್ಟವೆಂಬುದು ತಿಳಿಯಬೇಕಾದರೆ ಅದರ ರಚನೆಯನ್ನು ತುಸು ವಿವರವಾಗಿ ನೋಡಬೇಕು. ಸೂಜಿ, ಬಾಬಿನ್, ಮೋಟಾರು ಎಲ್ಲ ಅಡಕವಾಗಿರುವ ಲೋಹದ ಭಾಗಕ್ಕೆ ತಲೆ ಎನ್ನುತ್ತಾರೆ. ಅದರ ಗಂಟಲು 18ರಿಂದ 30 ಇಂಚಿನವರೆಗೂ ಇರುತ್ತದೆ, ತೂಕ ಮಾದರಿಗೆ ತಕ್ಕಂತೆ ಇಪ್ಪತ್ತು ಕಿಲೋಗಿಂತ ಹೆಚ್ಚು, ಕೆಲವದರಲ್ಲಿ ಅದರ ಇಮ್ಮಡಿ. ತಲೆಯು ಗಾಲಿಗಳ ಮೂಲಕ ಒಂದು ಬಂಡಿಯ ಮೇಲೆ ಹಿಂದೆ ಮುಂದೆ ಚಲಿಸುತ್ತದೆ, ಬಂಡಿಯು ಚೌಕಟ್ಟಿನ ಉದ್ದಕ್ಕೂ ಹಾಸಿದ ಹಳಿಗಳ ಮೇಲೆ ಎಡಬಲಕ್ಕೆ ಚಲಿಸುತ್ತದೆ, ಎರಡೂ ಚಲನೆಗಳು ಕೂಡಿದಾಗ ಸೂಜಿ ಬೇಕಾದ ವಕ್ರರೇಖೆಯನ್ನು ಬರೆಯಬಲ್ಲುದು. ಚೌಕಟ್ಟಿನಲ್ಲಿ ಅಡಿಬಟ್ಟೆಯನ್ನು ಸುತ್ತಿಡುವ ಮತ್ತು ಮುಗಿದ ಭಾಗವನ್ನು ಸುತ್ತಿಕೊಳ್ಳುವ ಉದ್ದನೆಯ ಲೋಹದ ಉರುಳೆಗಳಿರುತ್ತವೆ. ಉರುಳೆಗೆ ಅಂಟಿಕೊಂಡ ಗಟ್ಟಿ ಬಟ್ಟೆಯ ಪಟ್ಟಿಗೆ ಕ್ವಿಲ್ಟಿನ ಅಂಚನ್ನು ಸಿಕ್ಕಿಸುವ ಪದ್ಧತಿಯಂತೂ ವೇಲ್ಸ್‌ನ ದಂಡಕ್ಕೆ ಹೊಡೆದ ಪಟ್ಟಿಯಿಂದ ಬದಲಾಗದೆ ಬಂದಿದೆ. 20ನೇ ಶತಮಾನದ ಕೊನೆಯ ಹೊತ್ತಿಗೆ ಇದಕ್ಕೆ ಟಾಕಾ ನಿಯಂತ್ರಕ ಸೇರಿತು. ಹಳಿಗೆ ತಗುಲಿ ತಿರುಗುವ ಪುಟ್ಟ ಗಾಲಿಯೊಂದು ತಲೆಯ ವೇಗವನ್ನು ಅಳೆದು, ಕೈ ಬೇಗ ಓಡಿದರೂ ನಿಧಾನವಾದರೂ ಟಾಕಾದ ಉದ್ದ ಒಂದೇ ಆಗಿರುವಂತೆ ಮೋಟಾರನ್ನು ನಡೆಸುತ್ತದೆ. ಬಳಿಕ ಕಂಪ್ಯೂಟರಿನಿಂದ ವಿನ್ಯಾಸವನ್ನು ತಾನೇ ಹೊಲಿಯುವ ಏರ್ಪಾಡುಗಳೂ ಬಂದವು.

ಹೀಗಾಗಿ ಯಂತ್ರವು ತನ್ನ ಚೌಕಟ್ಟಿನೊಳಗೆ ಎಷ್ಟು ಸಲೀಸಾಗಿ ಚಲಿಸುವುದೋ, ಚೌಕಟ್ಟು ಅಷ್ಟೇ ಕಟ್ಟುನಿಟ್ಟಾಗಿ ಅಲುಗದೆ ನಿಲ್ಲಬೇಕಾಯಿತು. ಹಗ್ಗದಲ್ಲಿ ತೂಗಾಡುತ್ತಿದ್ದ ಮರದ ಪಟ್ಟಿಗಳಲ್ಲಿ ಅರ್ಧ ಇಂಚಿನ ಓರೆಯನ್ನು ಕೈ ತಾನಾಗಿ ಸರಿದೂಗಿಸುತ್ತಿತ್ತು. ಹಳಿಯಲ್ಲಿ ಬೆರಳಿಗೂ ತಿಳಿಯದಷ್ಟು ಸಣ್ಣ ತಗ್ಗು ಬಿದ್ದರೂ ಪ್ರತಿ ಬಾರಿ ಗಾಲಿ ಅದನ್ನು ದಾಟುವಾಗ ಹೊಲಿಗೆಯ ಗೆರೆಯಲ್ಲಿ ಒಂದು ನಡುಕ ಮೂಡುತ್ತದೆ, ಆ ನಡುಕ ಕ್ವಿಲ್ಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ತಲೆಯೊಳಗಿನ ಹೊಂದಾಣಿಕೆ ಇದಕ್ಕಿಂತ ಸೂಕ್ಷ್ಮವಾದುದು. ಸೂಜಿ ತಳ ಮುಟ್ಟಿ ಮೇಲೇಳಲು ತೊಡಗಿದ ಕ್ಷಣದಲ್ಲಿ ನೂಲಿನ ಒಂದು ಸಣ್ಣ ಕುಣಿಕೆ ಉಂಟಾಗುತ್ತದೆ, ಬಾಬಿನ್ನಿನ ಸುತ್ತ ತಿರುಗುವ ಹುಕ್ಕಿನ ಮೊನೆ ಸರಿಯಾಗಿ ಆಗಲೇ, ಸೂಜಿಗೆ ಇನ್ನೇನು ತಗುಲಿತು ಎಂಬಷ್ಟು ಸಮೀಪದಲ್ಲಿ ಹಾದು ಆ ಕುಣಿಕೆಯನ್ನು ಹಿಡಿಯಬೇಕು. ಇದನ್ನು ಟೈಮಿಂಗ್ ಎನ್ನುತ್ತಾರೆ. ಸಾಗಿಸುವಾಗ ತಲೆಗೆ ಬಿದ್ದ ಒಂದು ಪೆಟ್ಟು ಹೊರನೋಟಕ್ಕೆ ಗೀರನ್ನೂ ಉಳಿಸದೆ ಈ ಹೊಂದಾಣಿಕೆಯನ್ನು ಕೂದಲೆಳೆಯಷ್ಟು ಸರಿಸಿಬಿಟ್ಟರೆ ಸಾಕು, ಹೊಸ ಮನೆಯಲ್ಲಿ ಯಂತ್ರ ಟಾಕಾ ತಪ್ಪಿಸುತ್ತದೆ, ನೂಲು ಹರಿಯುತ್ತದೆ, ಸೂಜಿ ಮುರಿಯುತ್ತದೆ.

ಅನುಭವಿಗಳಲ್ಲಿ ಬೇರೂರಿದ ಮೊದಲ ನಿಯಮವೆಂದರೆ ತಲೆಯನ್ನು ಚೌಕಟ್ಟಿನ ಮೇಲಿರಿಸಿಕೊಂಡು ಚೌಕಟ್ಟನ್ನು ಎತ್ತಬಾರದು, ಅದೇ ಕೋಣೆಯ ಇನ್ನೊಂದು ಗೋಡೆಯ ಬಳಿಗಾದರೂ ಸರಿಯೆ. ಒಂದು ಕಾಲು ಎತ್ತರವಾದೊಡನೆ ಗಾಲಿಗಳು ತಗ್ಗಿನ ಕಡೆಗೆ ಓಡುತ್ತವೆ, ಹಳಿಯ ಕೊನೆಯ ತಡೆಯನ್ನು ಹಾರಿ ತಲೆ ನೆಲಕ್ಕೆ ಬೀಳಬಹುದು, ಎತ್ತುವವರ ಕಾಲ ಮೇಲೂ ಬೀಳಬಹುದು. ಮೊದಲು ಕ್ವಿಲ್ಟನ್ನು ಬಿಚ್ಚಿ, ಸೂಜಿ ಮತ್ತು ಬಾಬಿನ್ ತೆಗೆದು, ವಿದ್ಯುತ್ ಕಡಿದು, ಒಂದೊಂದು ತಂತಿಯೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಫೋಟೋ ತೆಗೆದಿಟ್ಟುಕೊಂಡು, ತುದಿಗಳಿಗೆ ಗುರುತು ಚೀಟಿ ಅಂಟಿಸುತ್ತಾರೆ. ಕಂಪ್ಯೂಟರಿನ ಪರದೆ, ಅದರ ಮೋಟಾರು ಪಟ್ಟಿಗಳು ಮತ್ತು ಹಿಡಿಕೆಗಳನ್ನು ಬೇರ್ಪಡಿಸಿದ ಮೇಲೆ ಇಬ್ಬರು ಎದುರುಬದುರು ನಿಂತು ತಲೆಯನ್ನು ನೇರವಾಗಿ ಮೇಲಕ್ಕೆ ಎತ್ತಿ ಬಂಡಿಯಿಂದ ಬಿಡಿಸುತ್ತಾರೆ. ಹಿಡಿಯಬೇಕಾದುದು ಎರಕದ ಗಟ್ಟಿ ಮೈಯನ್ನು. ಹೊಲಿಯುವಾಗ ಹಿಡಿಯುವ ಹಿಡಿಕೆಗಳು ದಾರಿ ತೋರಿಸಲು ಇರುವಂಥವೇ ಹೊರತು ಭಾರ ಹೊರಲು ಅಲ್ಲ, ಸೂಜಿದಂಡವನ್ನಂತೂ ಮುಟ್ಟಲೇಬಾರದು.

ಕಾರ್ಖಾನೆಯಿಂದ ಬಂದ ಮೂಲ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡವರಿಗೆ ಮುಂದಿನ ಹಂತ ಸುಲಭ. ಅದರೊಳಗಿನ ಫೋಮ್ ಅಚ್ಚು ತಲೆಯ ಆಕಾರಕ್ಕೇ ಕತ್ತರಿಸಿದುದಾಗಿರುತ್ತದೆ. ಪೆಟ್ಟಿಗೆ ಇಲ್ಲದವರು ದಪ್ಪ ಹೊದಿಕೆಗಳಲ್ಲಿ ಸುತ್ತಿ, ತಲೆಯನ್ನು ನೆಟ್ಟಗೆ ನಿಲ್ಲಿಸಿ, ಕಾರಿನ ಹಿಂಬದಿಯ ಸೀಟಿನಲ್ಲಿ ಬೆಲ್ಟು ಬಿಗಿದು ಒಯ್ಯುತ್ತಾರೆ. ಮನೆ ಸಾಮಾನೆಲ್ಲ ಲಾರಿಯಲ್ಲಿ ಹೋದರೂ ತಲೆ ಮಾತ್ರ ಒಡತಿಯ ಪಕ್ಕದಲ್ಲೇ ಪ್ರಯಾಣ ಮಾಡುವುದು ಈ ವಲಯದಲ್ಲಿ ಸಾಮಾನ್ಯ ದೃಶ್ಯ, ಮತ್ತು ಅದು ವಿವೇಕವೂ ಹೌದು, ಏಕೆಂದರೆ ಲಾರಿಯವರಿಗೆ ಅದೊಂದು ಭಾರವಾದ ಹೊಲಿಗೆಯಂತ್ರವಷ್ಟೆ. ಅದನ್ನು ಮಗ್ಗುಲಾಗಿ ಮಲಗಿಸಿದರೆ ಹುಕ್ಕಿನ ಬಳಿಯ ಎಣ್ಣೆ ತಲುಪಬಾರದ ಕಡೆಗೆ ಹರಿಯುವ ಅಪಾಯವೂ ಇದೆ.

ಚೌಕಟ್ಟಿನ ಭಾಗಗಳಲ್ಲಿ ಹೆಚ್ಚು ಕಾಳಜಿ ಬೇಡುವುವು ಉರುಳೆಗಳು ಮತ್ತು ಹಳಿಗಳು. ಹನ್ನೆರಡು ಅಡಿ ಉದ್ದದ ಕೊಳವೆಯನ್ನು ಎರಡು ತುದಿಗಳಲ್ಲಿ ಮಾತ್ರ ಆಧಾರ ಕೊಟ್ಟು ಮಲಗಿಸಿ ಅದರ ಮೇಲೆ ಬೇರೆ ಸಾಮಾನು ಹೇರಿದರೆ ನಡು ಬಾಗುತ್ತದೆ. ಬಾಗಿದ ಉರುಳೆ ತಿರುಗಿದಂತೆಲ್ಲ ಬಟ್ಟೆಯ ಬಿಗಿ ಒಮ್ಮೆ ಹೆಚ್ಚಿ ಒಮ್ಮೆ ಕುಗ್ಗುತ್ತದೆ, ಅದನ್ನು ನೆಟ್ಟಗೆ ಮಾಡುವ ಉಪಾಯ ಮನೆಯಲ್ಲಿಲ್ಲ. ಆದುದರಿಂದ ಉದ್ದಕ್ಕೂ ಆಧಾರ ಸಿಗುವಂತೆ ಹಲಗೆಗೆ ಕಟ್ಟಿ, ಹಳಿಗಳ ಮೈಯನ್ನು ಮೆತ್ತನೆಯ ಹಾಳೆಯಿಂದ ಸುತ್ತಿ ಒಯ್ಯುತ್ತಾರೆ. ತಿರುವು ಮೆಟ್ಟಿಲುಗಳ ಮನೆಗಳಲ್ಲಿ ಈ ಕೊಳವೆಗಳನ್ನು ಕಿಟಕಿಯ ಮೂಲಕ ಒಳಗೆ ತಂದ ಪ್ರಸಂಗಗಳು ಅಪರೂಪವಲ್ಲ. ಉರುಳೆಗಳನ್ನು ಎರಡು ತುಂಡುಗಳಾಗಿ ಮಾಡಿ ನಡುವೆ ಜೋಡುತುಂಡು ಕೊಡುವ ಈಚಿನ ವಿನ್ಯಾಸಗಳು ಬಂದುದಕ್ಕೆ ಇದೂ ಒಂದು ಕಾರಣ.

ಹೊಸ ಸ್ಥಳದಲ್ಲಿ ಪೆಟ್ಟಿಗೆಯನ್ನು ತಕ್ಷಣ ಬಿಚ್ಚುವುದಿಲ್ಲ. ಅಮೆರಿಕದ ಉತ್ತರ ರಾಜ್ಯಗಳ ಚಳಿಗಾಲದಲ್ಲಿ ಹೆಪ್ಪುಗಟ್ಟುವ ತಣ್ಣನೆಯ ಲಾರಿಯಿಂದ ಬೆಚ್ಚನೆಯ ಕೋಣೆಗೆ ಬಂದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ವಿದ್ಯುತ್ ಫಲಕಗಳಿಗೆ ಅದು ಹಾನಿ. ತಲೆಯು ಕೋಣೆಯ ಬಿಸಿಗೆ ಹೊಂದಿಕೊಳ್ಳುವವರೆಗೆ ಬಿಟ್ಟು, ಆ ವೇಳೆಯಲ್ಲಿ ಚೌಕಟ್ಟನ್ನು ನಿಲ್ಲಿಸುತ್ತಾರೆ. ಇಲ್ಲಿ ನಡೆಯುವುದು ಗಾರೆಯವನ ಕೆಲಸಕ್ಕೆ ತೀರ ಸಮೀಪದ್ದು. ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ಸಮವಾಗಿವೆಯೆ ಎಂದು ನೋಡಿ ಮೂಲೆಗಳು ನೇರವಾಗಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ಕಾಲುಗಳ ತಿರುಪುಗಳನ್ನು ಏರಿಸಿ ಇಳಿಸಿ ಸಮತಲ ಮಾಡುತ್ತಾರೆ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ತೊಡಿಸಿ, ಮಟ್ಟವಾದ ಬಳಿಕವೇ ಬಿಗಿಯುವುದು ಕ್ರಮ, ಮೊದಲೇ ಬಿಗಿದರೆ ಓರೆ ಚೌಕಟ್ಟಿನೊಳಗೇ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೆ ತಲೆಯನ್ನು ಹಳಿಗೆ ಕೂರಿಸಿ, ವಿದ್ಯುತ್ ಕೊಡದೆ, ನಡುವೆ ತಂದು ಕೈ ಬಿಡುತ್ತಾರೆ. ಅದು ತಾನಾಗಿಯೇ ಯಾವ ಮೂಲೆಯ ಕಡೆಗೆ ಉರುಳುವುದೋ ಆ ಮೂಲೆ ಇನ್ನೂ ತಗ್ಗಾಗಿದೆ ಎಂದು ಅರ್ಥ, ರಸಮಟ್ಟದ ಗುಳ್ಳೆಗೆ ಕಾಣದ ಇಳಿಜಾರು ಗಾಲಿಗೆ ಗೊತ್ತಾಗುತ್ತದೆ. ನೆಲಕ್ಕೆ ರತ್ನಗಂಬಳಿ ಹಾಸಿದ್ದರೆ ಕಾಲುಗಳು ದಿನಗಳೆದಂತೆ ಕುಸಿಯುವುದರಿಂದ ಕೆಲವು ವಾರಗಳ ಮೇಲೆ ಇದನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಅನಂತರ ಎಣ್ಣೆ, ಹೊಸ ಸೂಜಿ, ಹಳೆಯ ಬಟ್ಟೆಯ ಮೇಲೆ ಎಲ್ಲ ದಿಕ್ಕುಗಳಲ್ಲೂ ಪ್ರಯೋಗದ ಹೊಲಿಗೆ. ವೃತ್ತವೊಂದನ್ನು ಬರೆಯಲು ಹೋಗಿ ಅದು ಒಂದು ಪಕ್ಕದಲ್ಲಿ ಚಪ್ಪಟೆಯಾದರೆ ದೋಷ ಗಾಲಿಯಲ್ಲಿ ಅಥವಾ ಹಳಿಯಲ್ಲಿ ಇದೆ, ಟಾಕಾ ತಪ್ಪಿದರೆ ಟೈಮಿಂಗಿನಲ್ಲಿ ಇದೆ, ಉದ್ದ ಏರುಪೇರಾದರೆ ವೇಗ ಅಳೆಯುವ ಪುಟ್ಟ ಗಾಲಿ ಹಳಿಗೆ ಸರಿಯಾಗಿ ತಗುಲುತ್ತಿಲ್ಲ.

ಈ ಜ್ಞಾನವೆಲ್ಲ ರೂಢಿಗೊಂಡದ್ದರಲ್ಲಿ ಕ್ವಿಲ್ಟ್ ಮೇಳಗಳ ಪಾತ್ರ ದೊಡ್ಡದು. ಹ್ಯೂಸ್ಟನ್ ಮತ್ತು ಪಡೂಕಾ ನಗರಗಳ ವಾರ್ಷಿಕ ಮೇಳಗಳಿಗೆ ವ್ಯಾಪಾರಿಗಳು ಹಲವು ಯಂತ್ರಗಳನ್ನು ಲಾರಿಗಳಲ್ಲಿ ತಂದು, ಕೆಲವೇ ದಿನಗಳ ಮಟ್ಟಿಗೆ ಜೋಡಿಸಿ, ಮತ್ತೆ ಬಿಚ್ಚಿ ಒಯ್ಯುತ್ತಾರೆ. ನೆಲೆಯೂರುವುದಕ್ಕಾಗಿ ರೂಪಿಸಿದ ಯಂತ್ರವನ್ನು ಸಂಚಾರಿಯಾಗಿಸುವ ಕೌಶಲ ಈ ಜೋಡಣೆಗಾರರಲ್ಲಿ ಪಳಗಿತು. ಮೇಳದಲ್ಲಿ ಪ್ರದರ್ಶಿಸಿದ ಯಂತ್ರವನ್ನು ಅಲ್ಲಿಯೇ ರಿಯಾಯಿತಿ ಬೆಲೆಗೆ ಕೊಂಡು ಸ್ವಂತ ವಾಹನದಲ್ಲಿ ಮನೆಗೆ ಒಯ್ಯುವವರೂ ಇದ್ದಾರೆ. ಈ ಜ್ಞಾನ ಹರಡಲು ಮೇಳಗಳಿಗಿಂತ ದೊಡ್ಡ ಕಾರಣ ಎರಡನೆಯ ಕೈಯ ಮಾರುಕಟ್ಟೆ. 1980 ಮತ್ತು 90ರ ದಶಕಗಳಲ್ಲಿ ಮನೆ ಉದ್ಯೋಗ ಆರಂಭಿಸಿದ ತಲೆಮಾರು ವಯಸ್ಸಾಗಿ ಸಣ್ಣ ಮನೆಗಳಿಗೆ ಹೋಗುತ್ತಿದ್ದಂತೆ, ಇನ್ನೂ ದಶಕಗಟ್ಟಲೆ ದುಡಿಯಬಲ್ಲ ಆ ಲೋಹದ ತಲೆಗಳು ಹೊಸ ಒಡತಿಯರನ್ನು ಹುಡುಕಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೊರಟವು. ಅಂಥ ವ್ಯವಹಾರದಲ್ಲಿ ಯಂತ್ರದ ಬೆಲೆಯಷ್ಟೇ ಮುಖ್ಯವಾಗಿ ಚರ್ಚೆಯಾಗುವುದು ಬಿಚ್ಚುವವರು ಯಾರು, ಜೋಡಿಸುವವರು ಯಾರು, ಟೈಮಿಂಗ್ ಕೆಟ್ಟರೆ ಸರಿಪಡಿಸುವ ತಂತ್ರಜ್ಞ ಎಷ್ಟು ದೂರದಲ್ಲಿದ್ದಾನೆ ಎಂಬ ವಿಚಾರ.

ತಯಾರಕರೂ ಈ ಒತ್ತಡವನ್ನು ಗಮನಿಸಿದ್ದಾರೆ. ಬೇಕಾದಂತೆ ಉದ್ದ ಕುಗ್ಗಿಸಬಲ್ಲ ಚೌಕಟ್ಟುಗಳು, ಒಬ್ಬರೇ ಎತ್ತಬಲ್ಲ ಹಗುರ ತಲೆಗಳು, ಕಾಲಿಗೆ ಗಾಲಿ ಇದ್ದು ಬೇಕೆಂದಾಗ ನೆಲಕ್ಕೆ ಊರಬಲ್ಲ ಮೇಜುಗಳು ಒಂದರ ಹಿಂದೊಂದು ಬಂದಿವೆ. ಇವುಗಳಲ್ಲಿ ಹೆಚ್ಚು ಕುತೂಹಲಕಾರಿಯಾದುದು ಕೂತು ಹೊಲಿಯುವ ಲಾಂಗ್‌ಆರ್ಮ್. ಇದರಲ್ಲಿ ಹದಿನಾರು ಹದಿನೆಂಟು ಇಂಚಿನ ಗಂಟಲಿನ ತಲೆಯನ್ನು ಹಳಿ, ಬಂಡಿ, ಉರುಳೆ ಯಾವುದೂ ಇಲ್ಲದೆ ಒಂದು ಮೇಜಿಗೆ ಅಡ್ಡವಾಗಿ ಕೂರಿಸಿರುತ್ತಾರೆ, ಹೊಲಿಯುವವರು ಎದುರಿಗೆ ಕೂತು ಎರಡೂ ಕೈಯಿಂದ ಬಟ್ಟೆಯನ್ನು ಸರಿಸುತ್ತಾರೆ. ಯಂತ್ರ ನಿಂತಲ್ಲೇ ನಿಂತು ಬಟ್ಟೆ ಮತ್ತೆ ಚಲಿಸತೊಡಗಿದೆ. ಚೌಕಟ್ಟಿನ ಬಿಗಿ ಇಲ್ಲದ್ದರಿಂದ ಮೂರು ಪದರಗಳನ್ನೂ ಮೊದಲೇ ಪಿನ್ನು ಚುಚ್ಚಿಯೋ ಉದ್ದ ಟಾಕಾ ಹಾಕಿಯೋ ಸೇರಿಸಿಕೊಳ್ಳಬೇಕು, ಆ ಶ್ರಮ ಸಣ್ಣದಲ್ಲ. ಆದರೂ ನಗರದ ಫ್ಲ್ಯಾಟುಗಳಲ್ಲಿ ವಾಸಿಸುವವರು ಇದನ್ನು ಆಯ್ದುಕೊಳ್ಳುತ್ತಾರೆ, ಏಕೆಂದರೆ ಮನೆ ಬದಲಿಸುವ ದಿನ ಇದರ ತಲೆಯನ್ನು ಬಿಡಿಸಿ ಮೇಜಿನ ಕಾಲು ಮಡಿಸಿದರೆ ಒಂದು ಸಾಧಾರಣ ಕಾರು ಸಾಕು, ತಲುಪಿದ ಮೇಲೆ ಹಳಿ ಮಟ್ಟಮಾಡುವ ಗೋಜೂ ಇರುವುದಿಲ್ಲ.